ಮೊಣಕಾಲಿಗೆ ಮೆಣಸಿನಕಾಯಿ

ಹೌನ್ಸ್ಲೋದ ನಮ್ಮ ಮನೆಯಲ್ಲಿ ಬಚ್ಚಲು, ಶೌಚಾಲಯ ಎಲ್ಲ ಸೇರಿ ಇದ್ದುದು ಒಂದೇ, ಅದೂ ಮಹಡಿಯ ಮೇಲೆ. ಕೆಳಗಿನಿಂದ ಅಲ್ಲಿಗೆ ಹದಿಮೂರು ಮೆಟ್ಟಿಲು. ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ ಮನೆಯ ಮಾತೆಲ್ಲ ಆ ಮೆಟ್ಟಿಲುಗಳದೇ ಆಗಿತ್ತು. ಧಾರವಾಡದಿಂದ ಇಂಗ್ಲಿಷರ ನಾಡಿಗೆ ಬಂದು ನಾಲ್ಕು ವರ್ಷದಿಂದ ನಮ್ಮ ಜೊತೆಗಿದ್ದ ಅಜ್ಜಿಗೆ, ಅಂದರೆ ಅಪ್ಪನ ತಾಯಿಗೆ, ಮೊಣಕಾಲಿನ ಸಂಧಿವಾತ ಹೆಚ್ಚಾಗಿತ್ತು. ಒಮ್ಮೆ ಅರ್ಧದಷ್ಟು ಮೆಟ್ಟಿಲು ಇಳಿದವರು ಮೇಲೂ ಹೋಗಲಾರದೆ, ಕೆಳಗೂ ಬರಲಾರದೆ ಅಲ್ಲೇ ಕೂತುಬಿಟ್ಟಿದ್ದರು.

ಅಪ್ಪ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು, ಬೇಗ ತೀರ್ಮಾನ ಮಾಡಿ ರೂಢಿಯಾದವರು. ಅಜ್ಜಿಯ ಮಂಚವನ್ನು ಕೆಳಗೆ ಮುಂದಿನ ಕೋಣೆಗೆ ತರುವುದು, ಅದರ ಪಕ್ಕಕ್ಕೆ ಊರಿನ ಕೌನ್ಸಿಲ್‌ನವರಿಂದ ಒಂದು ಕಮೋಡ್ ಕುರ್ಚಿ ತರಿಸುವುದು ಎಂದರು.

“ಮಂದಿ ಬಂದು ಕೂಡೋ ಖೋಲ್ಯಾಗ ನಾ ಅದರ ಮ್ಯಾಲೆ ಕೂಡ್ಲೇನು?” ಎಂದು ಅಜ್ಜಿ ಕೇಳಿದರು. ದನಿ ಏರಿಸಲಿಲ್ಲ.

“ಪರದೆ ಹಾಕಸ್ತೀನವ್ವಾ.”

“ನಾಟಕದವರ ಗತೆ?”

ಅಪ್ಪ ನಕ್ಕರು, ಅಜ್ಜಿ ನಗಲಿಲ್ಲ. ಕೊನೆಗೆ ಕ್ರಿಸ್‌ಮಸ್ ರಜೆಯವರೆಗೆ ತಡೆಯುವುದೆಂದಾಯಿತು. ಕಾಲು ಸುಧಾರಿಸಿಕೊಳ್ಳಲು ಅಜ್ಜಿಗೆ ಸಿಕ್ಕಿದ್ದು ಏಳು ವಾರ.

ನೋವಿನ ಗುಳಿಗೆ ಅವರ ಹೊಟ್ಟೆಗೆ ಒಗ್ಗುತ್ತಿರಲಿಲ್ಲ. ಹಾಗಾಗಿ ನಮ್ಮ ಜಿಪಿ, ಅಂದರೆ ಬಡಾವಣೆಯ ಡಾಕ್ಟರು, ಒಂದು ಮುಲಾಮು ಬರೆದುಕೊಟ್ಟರು. ಸಣ್ಣ ಟ್ಯೂಬು, ಬಿಳಿ ಕ್ರೀಮು, ವಾಸನೆಯೇ ಇಲ್ಲ.

“ಏನದ ಇದರಾಗ?” ಎಂದರು ಅಜ್ಜಿ.

“ಮೆಣಸಿನಕಾಯಿ ಖಾರದ ಸತ್ವ” ಎಂದೆ.

“ಬ್ಯಾಡಗೀದೋ, ಗುಂಟೂರದ್ದೋ?”

“ಅದನ್ನ ಬರದಿಲ್ಲ ಅಜ್ಜಿ.”

“ಕೇಳಬೇಕಿತ್ತಲ್ಲ ಪುಟ್ಟಿ. ಬ್ಯಾಡಗಿ ಆದ್ರ ಬರೇ ಬಣ್ಣ, ಖಾರಿಲ್ಲ ಏನಿಲ್ಲ. ನೋಡು, ಇಲ್ಲೀ ಮಂದಿ ಬಾಯಿಗೆ ಖಾರ ಒಲ್ಲೆ ಅಂತಾರ, ಮೊಣಕಾಲಿಗೆ ಉಣ್ಣಸ್ತಾರ!”

ನಾನಾಗ ಸಂಖ್ಯಾಶಾಸ್ತ್ರದ ಪದವಿ ಮುಗಿಸಿ ವಿಮಾನ ನಿಲ್ದಾಣದ ಹತ್ತಿರದ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದೆ. ಟ್ಯೂಬಿನ ಜೊತೆ ಬಂದ ಇಂಗ್ಲಿಷ್ ಚೀಟಿಯನ್ನು ಕನ್ನಡಕ್ಕೆ ಇಳಿಸುವ ಕೆಲಸ ನನ್ನ ಪಾಲಿಗೆ ಬಂತು. ದೊಡ್ಡ ಅಕ್ಷರಗಳಲ್ಲಿ ಬರೆದೆ: ದಿನಕ್ಕೆ ನಾಲ್ಕು ಸಲ, ಬಟಾಣಿ ಕಾಳಿನಷ್ಟು. ಹಚ್ಚಿದ ಮೇಲೆ ಕೈ ತೊಳೆಯಬೇಕು, ಕಣ್ಣು ಮುಟ್ಟಬಾರದು. ಮೊದಮೊದಲು ಉರಿಯುತ್ತದೆ. ಗುಣ ಕಾಣಲು ಕೆಲವು ವಾರ ಬೇಕು, ನಡುವೆ ಬಿಡಬಾರದು.

ಒಂದು ಸಾಲನ್ನು ಬಿಟ್ಟೆ. ಬಿಸಿನೀರಿನ ಸ್ನಾನಕ್ಕೆ ಸ್ವಲ್ಪ ಮೊದಲು ಅಥವಾ ಸ್ನಾನವಾದ ತಕ್ಷಣ ಹಚ್ಚಬಾರದು ಎಂದಿತ್ತು ಅದರಲ್ಲಿ. ಅದು ಸ್ನಾನದ ತೊಟ್ಟಿ ತುಂಬಿಸಿ ಅರ್ಧ ಗಂಟೆ ಮಲಗುವವರಿಗೆ ಹೇಳಿದ ಮಾತು ಎಂದುಕೊಂಡೆ. ಅಜ್ಜಿ ನಮ್ಮ ತೊಟ್ಟಿಯೊಳಗೆ ಪ್ಲಾಸ್ಟಿಕ್ ಸ್ಟೂಲು, ಬಕೆಟ್ಟು ಇಟ್ಟುಕೊಂಡು ಚೊಂಬಿನಿಂದ ಹೊಯ್ದುಕೊಳ್ಳುವವರು. ಸುಮ್ಮನೆ ಗೊಂದಲ ಯಾಕೆ ಎನಿಸಿತು.

ಅಜ್ಜಿ ಬೆಳಿಗ್ಗೆ ಸ್ನಾನವಾಗದೆ ಏನನ್ನೂ ಮಾಡುತ್ತಿರಲಿಲ್ಲ. ಆ ನೀರು ಮೈ ಸುಡುವಷ್ಟು ಕಾದಿರಬೇಕು. ಕೊನೆಯ ಎರಡು ಚೊಂಬು ಮೊಣಕಾಲಿಗೇ ಮೀಸಲು, ಅದು ಶಾಖ. ಎಣ್ಣೆಯಾಗಲಿ, ಮುಲಾಮಾಗಲಿ, ಕಾಲು ಬಿಸಿ ಇರುವಾಗಲೇ ತಿಕ್ಕಿದರೆ ಒಳಗೆ ಇಳಿಯುತ್ತದೆ ಎಂಬುದು ಅವರ ಪದ್ಧತಿ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಸಾಲಿನ ಪಕ್ಕಕ್ಕೆ ಇದನ್ನು ಇಟ್ಟು ನೋಡಲಿಲ್ಲ.

ಮುಲಾಮನ್ನು ಅವರು ತಮ್ಮ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ತಾವೇ ಹಚ್ಚಿಕೊಳ್ಳುತ್ತಿದ್ದರು. ಕಾಲು ತೋರಿಸು ಎಂದು ನಾನೂ ಕೇಳಲಿಲ್ಲ. ಸಂಕೋಚದ ವಿಷಯದಲ್ಲಿ ನಾವಿಬ್ಬರೂ ಒಂದೇ. ಕೋಣೆಯ ಹೊರಗೆ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ದಿನಕ್ಕೆ ನಾಲ್ಕು ಚೌಕ ಹಾಕಿಕೊಟ್ಟಿದ್ದೆ, ಪೆನ್ಸಿಲಿನಿಂದ ಗುರುತು ಮಾಡುತ್ತಿದ್ದರು. ಒಂಬತ್ತು ದಿನ ಚೌಕಗಳು ತುಂಬಿದವು. ಹತ್ತನೆಯ ದಿನ, ಶನಿವಾರ, ಮಧ್ಯಾಹ್ನವಾದರೂ ಒಂದೂ ತುಂಬಿರಲಿಲ್ಲ. ಬಾಗಿಲು ತಟ್ಟಿದೆ.

ಮಂಚದ ಅಂಚಿನಲ್ಲಿ ಕೂತು ಮೊಣಕಾಲ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡಿದ್ದರು. ಬಟ್ಟೆ ಸರಿಸಿದರೆ ಚರ್ಮ ಕೆಂಪಗೆ, ಕೆಂಡ ತಾಗಿದ ಹಾಗಿತ್ತು.

“ಉರಿ ಹತ್ತೇದಂದ್ರ ಔಷಧ ಹಿಡದದ ಅಂತ ಸುಮ್ಮನಿದ್ದೆ” ಎಂದರು. “ಇವತ್ತ ಆಗವಲ್ದು.”

“ಯಾವಾಗ ಉರೀತದ ಅಜ್ಜಿ?”

“ಮುಂಜಾನೆ, ಜಳಕ ಆಗಿ ಹಚ್ಚಿದಾಗ. ಉಳದ ಮೂರು ಹೊತ್ತು ಇಷ್ಟಿಲ್ಲ.”

ನನಗೆ ಕೂಡಲೇ ತಿಳಿಯಿತು. ಆದರೂ ಕೆಳಗೆ ಹೋಗಿ ಚೀಟಿ ಓದಿ ಬಂದೆ. ಒಂದು ಸಾಲನ್ನು ನಾನು ಬರೆದಿರಲಿಲ್ಲ ಎಂದು ಹೇಳಿದೆ.

“ಯಾಕ ಬಿಟ್ಟಿ?”

“ನಿನಗ ಬೇಕಾಗಂಗಿಲ್ಲ ಅಂತ ತಿಳಕೊಂಡೆ.”

ಅಜ್ಜಿ ಬಟ್ಟೆಯನ್ನು ಮತ್ತೆ ಮೊಣಕಾಲಿಗೆ ಹೊಂದಿಸಿದರು. “ನನಗ ಏನು ಬೇಕು, ಏನು ಬ್ಯಾಡ ಅನ್ನೋದನ್ನ ನಿಮ್ಮಪ್ಪನೂ ಹಿಂಗ ತಿಳಕೊಂಡಾನ.”

ಬೈದಿದ್ದರೆ ಸಹಿಸಬಹುದಿತ್ತು.

ಅಂದು ಸಂಜೆ ತಪ್ಪು ನನ್ನದೆಂದು ಅಪ್ಪನಿಗೂ ಹೇಳಿದೆ. ಅವರು ಆಗಲೇ ಮುಂದಿನ ಕೋಣೆಯ ಸೋಫಾ ಎಲ್ಲಿಗೆ ಸರಿಸುವುದೆಂದು ಅಳೆಯುತ್ತಿದ್ದರು. “ಇನ್ನೂ ರಜೆ ಬಂದಿಲ್ಲ” ಎಂದೆ. ಅಪ್ಪನಿಗೆ ಎದುರಾಡಿ ನನಗೆ ರೂಢಿಯಿರಲಿಲ್ಲ. ಅವರು ಟೇಪನ್ನು ಮಡಚಿಟ್ಟರು.

ಮೂಲೆಯ ಔಷಧದಂಗಡಿಯಾಕೆ ಕೆಂಪು ಪೂರ್ತಿ ಇಳಿಯುವವರೆಗೆ ಹಚ್ಚಬೇಡಿ ಎಂದಳು. ಒಂದು ವಾರ ಹಾಗೇ ಹೋಯಿತು. ಆಮೇಲೆ ಅಜ್ಜಿ ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡತೊಡಗಿದರು, ನವೆಂಬರಿನ ಆ ಚಳಿಯಲ್ಲಿ. “ಇದಕ್ಕ ಜಳಕ ಅನ್ನಂಗಿಲ್ಲ, ಮೈ ತೋಯಿಸೋದು ಅಂತಾರ” ಎಂದು ದಿನಾ ಗೊಣಗುತ್ತಿದ್ದರು. ಪೂಜೆ, ತಿಂಡಿ ಮುಗಿದು ಕಾಲು ಆರಿದ ಮೇಲೆ ಮೊದಲ ಸಲದ ಮುಲಾಮು. ಬಿಟ್ಟ ಸಾಲನ್ನು ಅಷ್ಟೇ ದೊಡ್ಡ ಅಕ್ಷರದಲ್ಲಿ ಸೇರಿಸಿ ಬರೆದುಕೊಟ್ಟೆ.

ಎರಡು ವಾರಕ್ಕೆ ಉರಿ ತಗ್ಗಿತು. ಮತ್ತೆರಡು ವಾರಕ್ಕೆ ನೋವೂ ಸ್ವಲ್ಪ ತಗ್ಗಿತು. ಸ್ವಲ್ಪವೇ, ಹೆಚ್ಚು ಹೇಳಬಾರದು. “ಅದ, ಆದ್ರ ಒದರಂಗಿಲ್ಲ” ಎಂದು ಅಜ್ಜಿ ವಿವರಿಸಿದರು.

ರಜೆಯ ಮೊದಲ ದಿನ ಅಪ್ಪ ಸ್ಪ್ಯಾನರು ಹಿಡಿದು ಮಂಚ ಬಿಚ್ಚಲು ಹೊರಟರು. ಅಜ್ಜಿ ಅವರನ್ನು ಕೆಳಗೇ ನಿಲ್ಲಿಸಿ ತಾವು ಹತ್ತಿದರು. ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು, ಏಳನೆಯದರಲ್ಲಿ ನಿಂತು ಸುಧಾರಿಸಿಕೊಂಡು. ಅಪ್ಪ ಹಿಂದೆ ಹೋಗಲು ಕಾಲೆತ್ತಿದಾಗ ನಾನು ಅವರ ತೋಳು ಹಿಡಿದೆ.

“ಮಂಚ ಕೆಳಗ ತರೋದಿದ್ರ ನಾನ ಹೇಳ್ತೀನಿ” ಎಂದರು ಅಜ್ಜಿ ಮೇಲೆ ತಲುಪಿ. “ಅಲ್ಲೀತನಾ ಕೇಳಬ್ಯಾಡ.”

ಅಪ್ಪ ಆಮೇಲೆ ಮಂಚದ ಮಾತೆತ್ತಲಿಲ್ಲ. ಎರಡು ವರ್ಷ ಕಳೆದ ಮೇಲೆ, ಒಂದು ಭಾನುವಾರ ಊಟದ ನಡುವೆ, ಅಜ್ಜಿ ತಾವಾಗಿಯೇ “ಇನ್ನ ಸಾಕಪಾ, ಕೆಳಗ ತಾ” ಎಂದರು.