ಒಂಬತ್ತು ಮೆಟ್ಟಿಲಿನ ಮನೆ

ಹಳೇ ಹೆಂಚಿನ ಮನೆ ಕೆಡವಿ ಹೊಸದು ಕಟ್ಟಿಸುತ್ತೇನೆ ಅಂದಾಗ ಅವ್ವ ಕೇಳಿದ್ದು ಒಂದೇ ಒಂದು. “ಏನಾರ ಮಾಡ್ಕೊ ಮಗ, ಮುಂದ್ಗಡೆ ಒಂದ್ ಜಗುಲಿ ಇರ್ಲಿ ಕಣ್ಲಾ. ನಾವು ಕೂತ್ಕಳಕ್ಕೊಂದು ಜಾಗ ಬೇಕು.” “ಆಯ್ತು ಬುಡವ್ವ” ಅಂದೆ. ಮದ್ದೂರಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಇಪ್ಪತ್ತು ವರ್ಷ ಸವೆಸಿದವನು ನಾನು. ಬಂದವರಿಗೆಲ್ಲ ಆಯ್ತು ಅಂದು ಕಳಿಸುವುದು ನನಗೆ ರೂಢಿ.

ಬೆಸಗರಹಳ್ಳಿಯಲ್ಲಿ ಬಸ್ಸು ಓಡಾಡುವ ರಸ್ತೆಯ ಪಕ್ಕದಲ್ಲೇ ನಮ್ಮ ಮನೆ. ಅವ್ವನಿಗೆ ಎಪ್ಪತ್ತು ದಾಟಿದೆ, ಎರಡೂ ಮಂಡಿ ಕೈಕೊಟ್ಟಿವೆ. ಆದರೂ ಬೆಳಿಗ್ಗೆ ಗೋಡೆ ಹಿಡಿದುಕೊಂಡು ಜಗುಲಿಗೆ ಬಂದು ಕೂತಳೆಂದರೆ ಮಧ್ಯಾಹ್ನದ ಊಟಕ್ಕೇ ಏಳುತ್ತಿದ್ದದ್ದು. ಅವಳು ಈ ಊರಿಗೆ ಸೊಸೆಯಾಗಿ ಬಂದ ವರ್ಷವೇ ಬಂದವಳು ಮೂಲೆಮನೆ ಅಜ್ಜಿ. ಆಕೆ ಬಗ್ಗಿದ ಸೊಂಟದಲ್ಲೇ ಕೋಲೂರಿಕೊಂಡು ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಇಬ್ಬರೂ ಎಲೆಅಡಿಕೆ ಜಗಿಯುತ್ತ, ಸೊಪ್ಪು ಬಿಡಿಸುತ್ತ, ಬಸ್ಸಿಳಿದವರನ್ನೆಲ್ಲ ನಿಲ್ಲಿಸಿ ವಿಚಾರಣೆ ಮಾಡಿ ಕಳಿಸುತ್ತಿದ್ದರು. ಯಾರ ಮಗಳಿಗೆ ಎಷ್ಟನೇ ತಿಂಗಳು, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಎಲ್ಲ ಅಲ್ಲೇ ತೀರ್ಮಾನ. ಅವ್ವನಿಗೆ ಟಿವಿ ಬೇಡ, ಫೋನು ಬೇಡ, ಆ ಜಗುಲಿ ಮತ್ತು ಆ ಅಜ್ಜಿ ಇದ್ದರೆ ಸಾಕಿತ್ತು.

ನನ್ನ ಸ್ವಭಾವದ ಬಗ್ಗೆ ಹೇಳಿಬಿಡುತ್ತೇನೆ. ಸಂತೆಯಲ್ಲಿ ಬದನೆಕಾಯಿ ಆರಿಸಿಕೊಂಡು ಮನೆ ತಲುಪುವಷ್ಟರಲ್ಲಿ ಪಕ್ಕದ ಗುಡ್ಡೆಯದೇ ಚೆನ್ನಾಗಿತ್ತು ಎಂದು ಕೊರಗುವ ಮನುಷ್ಯ ನಾನು. ಅಂಥವನ ಕೈಗೆ ಮನೆ ಕಟ್ಟಿಸುವ ಕೆಲಸ ಸಿಕ್ಕಿತು. ಅಡುಗೆಮನೆ ಕಿಟಕಿ ಮೂರು ಸಲ ಜಾಗ ಬದಲಾಯಿಸಿತು. ಮಂಡ್ಯಕ್ಕೆ ಹೋಗಿ ಹಾಲಿಗೆ ಕೆನೆಬಣ್ಣದ ಟೈಲ್ಸು ಆರಿಸಿ ಬಂದೆ, ಬಸ್ಸಿನಲ್ಲಿ ಬರುವಾಗ ಅದು ಆಸ್ಪತ್ರೆಯ ಹಾಗಿರುತ್ತದೆ ಅನ್ನಿಸಿತು, ಮಾರನೆಯ ದಿನ ಹೋಗಿ ಬೂದುಬಣ್ಣದ್ದು ಅಂದೆ, ಲಾರಿ ಬಂದು ನಿಂತಾಗ ಕೆನೆಬಣ್ಣವೇ ಸರಿಯಿತ್ತು ಅನ್ನಿಸಿತು. ಮೇಸ್ತ್ರಿ ತಾಳ್ಮೆಯ ಆಸಾಮಿ. “ಅಣ್ಣ, ನೀವ್ ಏಳಕೆ ಒಂದ್ ನಿಮ್ಸ, ನಾವ್ ಒಡಿಯಾಕೆ ಎಲ್ಡ್ ದಿನ” ಅಂತ ಮಾತ್ರ ಹೇಳುತ್ತಿದ್ದ. ಕೊನೆಕೊನೆಗೆ ನಾನು ಗೇಟಿನಲ್ಲಿ ಕಂಡರೆ ಸಾಕು, ಅವನ ಆಳುಗಳು ಕರಣೆ ಕೆಳಗಿಟ್ಟು ಬೀಡಿ ಹಚ್ಚಿಕೊಂಡು ಕೂರುತ್ತಿದ್ದರು.

ಇದರಲ್ಲಿ ನನ್ನದೊಬ್ಬನದೇ ತಪ್ಪಿಲ್ಲ. ನಮ್ಮ ಕಡೆ ಕಟ್ಟುತ್ತಿರುವ ಮನೆಯೆಂದರೆ ಊರಿನ ಆಸ್ತಿ. ದಾರಿಯಲ್ಲಿ ಹೋಗುವವರೆಲ್ಲ ಒಳಗೆ ಬಂದು, ಗೋಡೆ ತಟ್ಟಿ, ತಲೆ ಎತ್ತಿ ಮೇಲೆ ನೋಡಿ, “ಬಚ್ಲುಮನೆ ಇಲ್ಲಿಗ್ಯಾಕ್ ಬಂತು?” ಎಂದು ಒಂದು ಅನುಮಾನ ಇಟ್ಟು ಹೋಗುತ್ತಾರೆ. ಅವರು ಅತ್ತ ಹೋಗಿ ಮುದ್ದೆ ಉಂಡು ಮರೆತುಬಿಡುತ್ತಾರೆ, ನಾನು ಇತ್ತ ಅದನ್ನೇ ಹೊತ್ತುಕೊಂಡು ವಾರವಿಡೀ ತಿರುಗುತ್ತೇನೆ.

ಪಾಯದ ಎತ್ತರದ ವಿಷಯ ಹೀಗೇ ಶುರುವಾದದ್ದು. ರಸ್ತೆಗೆ ಡಾಂಬರು ಹಾಕಿದಾಗಲೆಲ್ಲ ರಸ್ತೆ ಮೇಲೇರುತ್ತದೆ, ನಮ್ಮ ಮನೆ ತಗ್ಗಾಗುತ್ತದೆ. ಒಂದು ಮಳೆಗಾಲ ನೀರು ನಡುಮನೆಗೇ ಬಂದಿತ್ತು. ಹಾಗಾಗಿ ಐದು ಮೆಟ್ಟಿಲಿನಷ್ಟು ಎತ್ತರಿಸಿದರೆ ಸಾಕೆಂದು ನಾನು, ಮೇಸ್ತ್ರಿ ಸೇರಿ ತೀರ್ಮಾನಿಸಿದ್ದೆವು. ಅಷ್ಟರಲ್ಲಿ ಮಳವಳ್ಳಿಯಿಂದ ಅಕ್ಕನ ಗಂಡ ಬಂದರು. ಭಾವ ಮಳವಳ್ಳಿಯಲ್ಲಿ ಎರಡು ಮನೆ ಕಟ್ಟಿಸಿದ್ದಾರೆ, ಆದ್ದರಿಂದ ನಮ್ಮ ನೆಂಟರಿಷ್ಟರಿಗೆಲ್ಲ ಅವರೇ ಎಂಜಿನಿಯರು. ಪಾಯದ ಮೇಲೆ ನಿಂತು ರಸ್ತೆಯಾಚೆ ಮೂಡಲಿಗಿರುವ ಎದುರುಮನೆಯನ್ನು ನೋಡಿದರು. ಅದಕ್ಕೆ ಏಳು ಮೆಟ್ಟಿಲು.

“ಮೂಡ್ಲು ದಿಕ್ಕು ತಗ್ಗಿರ್ಬೇಕು ಕಣ್ಲಾ” ಅಂದರು. “ಎದುರ್ಗಡೆಯೋನು ನಿನ್ ತಲೆ ಮ್ಯಾಲ್ ಕೂತವ್ನೆ. ಇಂಗಿದ್ರೆ ಮನೇಗ್ ಏಳ್ಗೆ ಇಲ್ಲ.”

ಎದುರುಮನೆಯವನು ನನ್ನ ತಲೆಯ ಮೇಲೆ ಕೂತಿದ್ದಾನೆಂದು ಅದುವರೆಗೆ ನನಗೆ ಗೊತ್ತೇ ಇರಲಿಲ್ಲ. ಆತ ದಿನಾ ಸಿಕ್ಕಿ ನಕ್ಕು ಮಾತಾಡಿಸುತ್ತಿದ್ದ. ಈಗ ಅವನ ನಗುವೂ ಒಂಥರಾ ಕಾಣತೊಡಗಿತು. ಅವನಿಗಿಂತ ಅರ್ಧ ಅಡಿಯಾದರೂ ಮೇಲಿರಲಿ ಎಂದು ಮೇಸ್ತ್ರಿಗೆ ಹೇಳಿದೆ. ಅವನು ಲೆಕ್ಕ ಹಾಕಿ ಎಂಟು ಮೆಟ್ಟಿಲು ಬರುತ್ತದೆಂದ. ಭಾವನಿಗೆ ಫೋನು ಮಾಡಿದೆ. “ಎಂಟು ಆಗಕಿಲ್ಲ, ಬೆಸ ಬರ್ಬೇಕು. ಬಲಗಾಲಲ್ಲಿ ಸುರು ಮಾಡಿ ಬಲಗಾಲಲ್ಲೇ ಮ್ಯಾಕ್ ಮುಟ್ಬೇಕು ಕಣ್ಲಾ” ಅಂದರು. ಹಾಗೆ ಒಂಬತ್ತಾಯಿತು.

ಮನೆಗೂ ರಸ್ತೆಗೂ ನಡುವೆ ಇದ್ದ ಜಾಗ ಮಾತ್ರ ಬೆಳೆಯಲಿಲ್ಲ. ಮೇಸ್ತ್ರಿ ತಲೆ ಕೆರೆದುಕೊಂಡ. “ಅಣ್ಣ, ಇಷ್ಟ್ರೊಳಗೆ ಒಂಬತ್ತು ಕೂರ್ಸುದ್ರೆ ಮೆಟ್ಲು ಕಡಿದಾಯ್ತದೆ. ಅವ್ವಾರ್ ಹತ್ಬೇಕಲ್ಲ, ವಸಿ ನೋಡಿ.”

“ಸ್ಟೀಲ್ ಕಂಬಿ ಹಾಕ್ಸುದ್ರಾಯ್ತು ಬುಡು” ಅಂದೆ.

ಸ್ವಿಚ್ ಬೋರ್ಡು ಬಾಗಿಲಿನ ಎಡಕ್ಕಿರಲೋ ಬಲಕ್ಕಿರಲೋ ಎಂದು ಹದಿನೈದು ದಿನ ತಲೆ ಕೆಡಿಸಿಕೊಂಡವನು ಈ ಮಾತಿಗೆ ತೆಗೆದುಕೊಂಡದ್ದು ಅರ್ಧ ನಿಮಿಷ. ಎರಡನೇ ಸಲ ಯೋಚಿಸಲೂ ಇಲ್ಲ. ಇಡೀ ಮನೆಯಲ್ಲಿ ನಾನು ಗಟ್ಟಿ ಮನಸ್ಸಿನಿಂದ ಮಾಡಿದ ತೀರ್ಮಾನ ಇದೊಂದೇ, ಅದಕ್ಕೆ ಒಳಗೊಳಗೇ ಹೆಮ್ಮೆಯೂ ಪಟ್ಟಿದ್ದೆ.

ಅವ್ವನಿಗೆ ಕೊಟ್ಟ ಮಾತನ್ನು ಮರೆತಿರಲಿಲ್ಲ, ಯಾರೂ ಹಾಗೆನ್ನುವಂತಿಲ್ಲ. ಜಗುಲಿ ಕಟ್ಟಿಸಿದೆ. ಕರೀ ಗ್ರಾನೈಟು, ಅಂಚಿಗೆ ಪಾಲಿಶು, ಒರಗಿಕೊಳ್ಳಲು ಗೋಡೆ. ಒಂಬತ್ತು ಮೆಟ್ಟಿಲಿನ ಮೇಲೆ ಇತ್ತು, ಅಷ್ಟೇ.

ಗೃಹಪ್ರವೇಶದ ದಿನ ಅಕ್ಕ ಒಂದು ರಟ್ಟೆ, ನನ್ನ ಹೆಂಡತಿ ಒಂದು ರಟ್ಟೆ ಹಿಡಿದು ಅವ್ವನನ್ನು ಹತ್ತಿಸಿದರು. ಭಾವ ಬಂದವರಿಗೆಲ್ಲ ಮೆಟ್ಟಿಲು ಎಣಿಸಿ ತೋರಿಸುತ್ತಿದ್ದರು. ಮೂಲೆಮನೆ ಅಜ್ಜಿ ಕೆಳಗೆ ಶಾಮಿಯಾನದಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಳು. “ನಾನಿಲ್ಲೇ ಉಣ್ತೀನಿ ಕಣಪ್ಪ, ಅಟ್ಟ ಹತ್ತಾಕೆ ನನ್ ಕೈಲಾಯ್ತದಾ?” ಅಂದಳು. ಎಲ್ಲರ ಜೊತೆ ನಾನೂ ನಕ್ಕೆ.

ಆಮೇಲಿನ ದಿನಗಳಲ್ಲಿ ಅವ್ವ ಮೇಲೆ, ಅಜ್ಜಿ ಕೆಳಗೆ. ಇಬ್ಬರಿಗೂ ಕಿವಿ ಮಂದ. ಇಷ್ಟು ವರ್ಷ ಪಿಸುಮಾತಿನಲ್ಲಿ ಸಾಗಿದ್ದೆಲ್ಲ ಈಗ ಕೂಗಿ ಹೇಳಬೇಕಾಯಿತು. ಒಂದು ಬೆಳಿಗ್ಗೆ ಬಸ್ಸಿನ ಕಂಡಕ್ಟರು ಟಿಕೆಟ್ಟು ಕೊಡುತ್ತ, “ಏನ್ ಸಾರ್, ಮನೇಲಿ ಎಲ್ಡ್ ದಿನದಿಂದ ಮಾತಿಲ್ವಂತೆ?” ಎಂದು ವಿಚಾರಿಸಿದ. ಅವ್ವ ಮೊಮ್ಮಗಳ ಮುಟ್ಟಿನ ಹೊಟ್ಟೆನೋವನ್ನೂ ಕೂಗಿ ಹೇಳಿದ ದಿನ ನನ್ನ ಹೆಂಡತಿ, “ಅತ್ತೆ, ಒಸಿ ಮೆತ್ಗೆ” ಅಂದಳು. ಮೆತ್ತಗೆ ಅಂದರೆ ಕೇಳಿಸುವುದಿಲ್ಲ. ಗ್ರಾನೈಟು ಬೇರೆ ಹತ್ತು ಗಂಟೆಯ ಬಿಸಿಲಿಗೆ ಕೂರಲಾಗದಷ್ಟು ಕಾಯುತ್ತಿತ್ತು. ರಸ್ತೆ ಬದಿಯಲ್ಲಿ ನಿಂತು ನಿಂತು ಅಜ್ಜಿಗೂ ಸಾಕಾಯಿತು. ಒಂದು ದಿನ ಬಂದರೆ ಎರಡು ದಿನ ಬರಲಿಲ್ಲ, ಆಮೇಲೆ ಬರುವುದನ್ನೇ ಬಿಟ್ಟಳು.

ಅವ್ವ ಒಮ್ಮೆ ತಾನೇ ಇಳಿಯಲು ನೋಡಿದಳು. ಮೆಟ್ಟಿಲ ಮೇಲೆ ಕುಂಡಿಯೂರಿ, ಒಂದೊಂದಾಗಿ ಜಾರಿಕೊಂಡು ಇಳಿದಳಂತೆ. ಮೂಲೆಮನೆಗೆ ಹೋಗಿ ಬಂದಳು, ಆದರೆ ಹತ್ತಲಾಗಲಿಲ್ಲ. ನಾನು ಸಂಜೆ ಮದ್ದೂರಿನಿಂದ ಬಂದಾಗ ಕೆಳಗಿನ ಮೆಟ್ಟಿಲಲ್ಲಿ ಕೂತಿದ್ದಳು. ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗಲು ಇನ್ನೊಂದು ಜೊತೆ ಕೈ ಬೇಕಿತ್ತು. ನನ್ನ ತಲೆಯ ಮೇಲೆ ಕೂತಿದ್ದ ಎದುರುಮನೆಯವನೇ ಓಡಿ ಬಂದು ಹಿಡಿದ. ಏದುಸಿರು ಬಿಡುತ್ತ, “ಇಷ್ಟ್ ಎತ್ರ ಯಾಕ್ ಮಾಡ್ಸುದ್ರಿ ಅಣ್ಣ?” ಎಂದ.

ಅಂದಿನಿಂದ ಅವ್ವ ಒಳಗೇ ಕೂತಳು. ಜಗಳವಾಡಲಿಲ್ಲ, ದೂರಲಿಲ್ಲ. ಉಂಡೆಯಾ ಅಂದರೆ ಉಂಡೆ, ನೋವಾ ಅಂದರೆ ಇಲ್ಲ. ಇಡೀ ಊರನ್ನು ವಿಚಾರಣೆ ಮಾಡುತ್ತಿದ್ದ ಹೆಂಗಸು ಗೋಡೆ ನೋಡಿಕೊಂಡು ಕೂತಿರುತ್ತಿದ್ದಳು. ಅನುಮಾನ ಪಡುವುದರಲ್ಲಿ ಪಳಗಿದ ನನ್ನ ತಲೆ ಈಗ ಕೆಲಸ ಶುರುಮಾಡಿತು. ಮೇಸ್ತ್ರಿಯನ್ನು ಕರೆಸಿ, ಮೆಟ್ಟಿಲು ತೆಗೆದು ಇಳಿಜಾರು ಮಾಡಿದರೆ ಹೇಗೆ ಎಂದೆ. ಅವನು ಟೇಪು ಹಿಡಿದು ಅಳೆದು, “ಅವ್ವಾರ್ ಇಳಿಯಂಗ್ ಮಾಡುದ್ರೆ ಅದು ರಸ್ತೆ ದಾಟಿ ಎದುರುಮನೆ ಅಡ್ಗೆಮನೇಲಿ ನಿಲ್ತದೆ ಅಣ್ಣ” ಅಂದ. ಭಾವನಿಗೂ ಫೋನು ಮಾಡಿದೆ. “ವಯಸ್ಸಾದೋರ್ ಇರೋ ಮನೆ, ಮೊದ್ಲೇ ಯೋಚ್ನೆ ಮಾಡ್ಬೇಕಿತ್ತು ಕಣ್ಲಾ” ಅಂದರು. ಇಂಥ ಸಲಹೆಗಾರರು ಎಲ್ಲರಿಗೂ ಸಿಗುವುದಿಲ್ಲ.

ಹೋದ ತಿಂಗಳು ಒಂದು ಸಂಜೆ ಬಸ್ಸಿಳಿದು ಬಂದರೆ ಒಳಗೆ ಅವ್ವ ಇಲ್ಲ. ಮನೆಯ ಪಕ್ಕದಿಂದ ನಗು ಕೇಳಿಸಿತು. ಹಸು ಮಾರಿದ ಮೇಲೆ ಸಿಮೆಂಟು ಮೂಟೆ ಇಟ್ಟುಕೊಳ್ಳುತ್ತಿದ್ದ ಹಳೇ ಕೊಟ್ಟಿಗೆ ಅಲ್ಲಿದೆ. ಹೋಗಿ ನೋಡಿದರೆ ಗುಡಿಸಿ ಸಾರಿಸಿದ್ದಾರೆ, ಮಂಚ ಹಾಕಿದ್ದಾರೆ, ಅವ್ವನ ಹಾಸಿಗೆ, ಸೀರೆಗಳ ಗಂಟು, ನೀರಿನ ಚೊಂಬು ಎಲ್ಲ ಬಂದಿವೆ. ಮಂಚದ ಮೇಲೆ ಅವ್ವ, ಪಕ್ಕದಲ್ಲಿ ಮೂಲೆಮನೆ ಅಜ್ಜಿ. ನನ್ನ ಹೆಂಡತಿ ಲೋಟ ತೊಳೆಯುತ್ತ, ನನ್ನ ಮುಖ ನೋಡದೆ, “ಅತ್ತೆ ಇನ್ಮೇಲೆ ಇಲ್ಲೇ ಇರ್ತಾರಂತೆ” ಅಂದಳು.

“ಇದೇನವ್ವ” ಅಂದೆ. “ಮಗ ಅಂಥಾ ಮನೆ ಕಟ್ಟವ್ನೆ, ಎತ್ತವ್ವನ್ನ ಕೊಟ್ಟಿಗೇಲಿ ಮಲಗ್ಸವ್ನೆ ಅನ್ನಕಿಲ್ವಾ ಊರೋರು?”

ಅವ್ವ ವೀಳ್ಯದೆಲೆಗೆ ಸುಣ್ಣ ಸವರುವುದನ್ನು ಮುಗಿಸಿ, ಮಡಿಚಿ, ಅಜ್ಜಿಯ ಕೈಗೆ ಕೊಟ್ಟಳು.

“ಪಾಯ ತೆಗ್ದಾಗ್ಲಿಂದ್ಲೂ ಊರೋರ್ನೆಲ್ಲ ಕೇಳ್ದೆ ಮಗ, ನನ್ನೊಬ್ಳುನ್ ಬುಟ್ಟು. ಈಗ್ಲೂ ಓಗಿ ಅವ್ರುನ್ನೇ ಕೇಳು.”

ಕೋಪದಿಂದ ಹೇಳಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಅವಳಿಗೆ ಕೋಪವಿರಲಿಲ್ಲ. ಅಜ್ಜಿಯ ಕಡೆ ತಿರುಗಿ, ನಾನು ಬಂದು ಕೆಡಿಸಿದ್ದ ಮಾತನ್ನು ಎಲ್ಲಿಗೆ ನಿಲ್ಲಿಸಿದ್ದಳೋ ಅಲ್ಲಿಂದಲೇ ಮತ್ತೆ ಶುರುಮಾಡಿದಳು.