ಮಾವನವರಿಗಾಗಿ ದಪ್ಪ ಮಾಡಿದ ಅಕ್ಷರ

ನಮ್ಮ ಕಡೆ ಅಟ್ಟ ಮಾಡಿಸಲು ಬರುವವರು ಉದ್ದ ಅಗಲ ಹೇಳುವುದಿಲ್ಲ, ಕಾಯಿ ಲೆಕ್ಕ ಹೇಳುತ್ತಾರೆ. "ಎಂಟು ಸಾವಿರದ ಅಟ್ಟ ಬೇಕು ಕಣ್ರೀ" ಎಂದರೆ, ಅಷ್ಟು ತೆಂಗಿನಕಾಯಿ ಸುಲಿಯದೆ ಹಾಗೇ ಹೆಚ್ಚುಕಡಿಮೆ ಒಂದು ವರ್ಷ ಮೇಲೆ ಕೂರಬೇಕು, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಬೇಕು, ಅಲ್ಲಿಯವರೆಗೆ ಅಟ್ಟ ಅಲುಗಬಾರದು ಎಂದರ್ಥ. ನಾನು ಮೊದಲ ಸಲ ಕಂಪ್ಯೂಟರಿನಲ್ಲಿ ನಕ್ಷೆಯ ಸೆಟ್ಟಿಂಗ್ಸ್ ತೆರೆದಾಗ ಅಳತೆ ಯಾವುದರಲ್ಲಿ ಬೇಕು ಎಂದು ಅದು ಕೇಳಿತು. ಮಿಲಿಮೀಟರ್ ಇತ್ತು, ಇಂಚು ಇತ್ತು, ಅಡಿ ಇತ್ತು. ಕಾಯಿ ಇರಲಿಲ್ಲ. ಒಬ್ಬಳೇ ಕೂತು ನಕ್ಕಿದ್ದೆ.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವಳು. ಮದುವೆಯಾಗಿ ಬಂದದ್ದು ತಿಪಟೂರಿನಿಂದ ಹೊನ್ನವಳ್ಳಿಗೆ ಹೋಗುವ ರಸ್ತೆಯಲ್ಲಿ ಒಂದು ಶೆಡ್ ಇರುವ ಮನೆಗೆ. ಮೊದಲು ಮರದ ಅಟ್ಟ ಕಟ್ಟುತ್ತಿದ್ದ ನಮ್ಮ ಮಾವ, ಮರ ತುಟ್ಟಿಯಾದ ಮೇಲೆ ವೆಲ್ಡಿಂಗ್ ಕಲಿತು ಕಬ್ಬಿಣಕ್ಕೆ ಬಂದವರು. ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ಎಷ್ಟೋ ಊರಿನ ಅಟ್ಟ ನಿಲ್ಲಿಸಿದ್ದರು. ನಾನು ಬಂದ ಮೇಲೆ ಶೆಡ್ಡಿನ ಮೂಲೆಗೆ ಕಂಪ್ಯೂಟರ್ ಬಂತು. ನನ್ನ ಯಜಮಾನರು ಕೆಲಸದ ಹುಡುಗರನ್ನು ಇಟ್ಟುಕೊಂಡು ಕಟಿಂಗ್, ವೆಲ್ಡಿಂಗ್ ನೋಡಿಕೊಳ್ಳುತ್ತಿದ್ದರು, ನಾನು ನಕ್ಷೆ ಬರೆಯುತ್ತಿದ್ದೆ.

ಮೂರು ಆಯಾಮದ ಚಿತ್ರ ಎಂದರೆ ಗಿರಾಕಿಗಳಿಗೆ ಬಲು ಖುಷಿ. ಇನ್ನೂ ಕಟ್ಟದ ಅಟ್ಟವನ್ನು ಪರದೆಯ ಮೇಲೆ ಹಿಂದೆ ಮುಂದೆ ತಿರುಗಿಸಿ ತೋರಿಸಿದರೆ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಆದರೆ ಆ ಚಂದದ ಚಿತ್ರ ನೋಡಿಕೊಂಡು ಯಾರೂ ಕಬ್ಬಿಣ ಕತ್ತರಿಸಲಾರರು. ಕತ್ತರಿಸಲು ಹಾಳೆ ಬೇಕು, ಹಾಳೆಯ ಮೇಲೆ ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಕಂಡ ಗೆರೆಗಳು ಬೇಕು, ಗೆರೆಗೆ ಅಳತೆ ಬೇಕು. ಆ ಹಾಳೆ ಹೇಗಿರಬೇಕು ಎಂದು ತಂತ್ರಾಂಶಕ್ಕೆ ಹೇಳಿಕೊಡುವುದಿದೆಯಲ್ಲ, ಅದು ಮಹಾ ತಲೆನೋವು. ನಮ್ಮಲ್ಲಿ ಬಲಗಡೆಯಿಂದ ಕಂಡ ರೂಪವನ್ನು ಮುಂಭಾಗದ ಚಿತ್ರದ ಎಡಕ್ಕೆ ಬರೆಯುವುದು ಪದ್ಧತಿ. ತಂತ್ರಾಂಶ ತನ್ನಷ್ಟಕ್ಕೆ ಬಿಟ್ಟರೆ ಬಲಕ್ಕೇ ಇಡುತ್ತದೆ. ಅದೊಂದು ಸೆಟ್ಟಿಂಗ್ ಮರೆತರೆ ಏಣಿ ಈ ಗೋಡೆಗೆ ಬರುವ ಬದಲು ಆ ಗೋಡೆಗೆ ಹೋಗಿ ಕೂರುತ್ತದೆ. ಕನ್ನಡದಲ್ಲಿ 'ಕಂಬ', 'ತೊಲೆ' ಎಂದು ಬರೆಯೋಣವೆಂದರೆ ಅಕ್ಷರದ ಬದಲು ಖಾಲಿ ಚೌಕಗಳು ಮೂಡುತ್ತಿದ್ದವು. ಸರಿಯಾದ ಫಾಂಟ್ ಹುಡುಕಿ ಹಾಕಿದರೆ ಒತ್ತಕ್ಷರ ಪಕ್ಕಕ್ಕೆ ಜಾರುತ್ತಿತ್ತು. ಮಾವನವರದು ಇಂಚು ಮತ್ತು ನೂಲು, ಎಂಟು ನೂಲಿಗೆ ಒಂದು ಇಂಚು. ಹಾಗಾಗಿ ಪ್ರತಿ ಮಿಲಿಮೀಟರ್ ಅಳತೆಯ ಕೆಳಗೂ ಇಂಚು ಬರುವಂತೆ, ಇಂಚಿನ ಚೂರು ಎಂಟರ ಭಾಗದಲ್ಲೇ ಬರುವಂತೆ ಕೂರಿಸಿದೆ. ಎಲ್ಲವನ್ನೂ ಒಂದು ಮಾದರಿ ಹಾಳೆಯಾಗಿ ಉಳಿಸಿಕೊಂಡ ದಿನ ಮನೆಯಲ್ಲಿ ಪಾಯಸ ಮಾಡಿದ್ದೆ. ಯಾಕೆಂದು ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ಯಾರಿಗೂ ಅರ್ಥವಾಗುತ್ತಲೂ ಇರಲಿಲ್ಲ.

ಆ ಹಾಳೆಯ ಕೆಳಮೂಲೆಯಲ್ಲಿ ಎರಡು ಚೌಕ ಇಟ್ಟಿದ್ದೆ. ಒಂದು 'ಬರೆದವರು', ಇನ್ನೊಂದು 'ನೋಡಿದವರು'. ಅದು ಮಾವನವರ ಕಟ್ಟುನಿಟ್ಟು. "ಬರ್ದೋರೇ ನೋಡ್ಬಾರ್ದು ಕಣವ್ವ, ತಪ್ಪು ಅವ್ರ ಕಣ್ಣಿಗೆ ಬೀಳಲ್ಲ" ಎನ್ನುತ್ತಿದ್ದರು. ನಾನು ಹಾಳೆ ಕೊಟ್ಟರೆ ತೋರುಬೆರಳಿನಿಂದ ಒಂದೊಂದೇ ಅಳತೆ ಮುಟ್ಟುತ್ತಾ, ತುಟಿಯಲ್ಲೇ ಕೂಡುತ್ತಾ ಹೋಗಿ ಕೊನೆಗೆ "ಸರಿ ಐತೆ" ಎನ್ನಬೇಕು. ಅಲ್ಲಿಯವರೆಗೆ ಶೆಡ್ಡಿನಲ್ಲಿ ಒಂದು ಕಬ್ಬಿಣದ ಆಂಗಲ್ ತುಂಡಿಗೂ ಬ್ಲೇಡ್ ತಾಗುವಂತಿರಲಿಲ್ಲ. ಅದು ಬರೀ ದೊಡ್ಡಸ್ತಿಕೆಯಲ್ಲ. ನಮ್ಮ ಕಡೆ ಅಟ್ಟದ ಕೆಳಗೆ ಬದುಕು ನಡೆಯುತ್ತದೆ. ಹೆಂಗಸರು ಅಲ್ಲೇ ಕೂತು ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತಾರೆ, ಹಸು ಕಟ್ಟುತ್ತಾರೆ, ಮಕ್ಕಳು ಮಧ್ಯಾಹ್ನ ಚಾಪೆ ಹಾಸಿಕೊಂಡು ಮಲಗುತ್ತವೆ. ಮೇಲಿರುವುದು ಟನ್ನುಗಟ್ಟಲೆ ಭಾರ. ಬಿದ್ದರೆ ಕೆಳಗಿದ್ದವರು ಉಳಿಯುವುದಿಲ್ಲ.

ಮಾವನವರಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಅದು ಕಣ್ಣಿಗೆ ಇಳಿದಿದೆ ಎಂದು ನನಗೆ ಮೊದಲು ಗೊತ್ತಾದದ್ದು ಅವರು ಹಾಳೆ ಹಿಡಿದುಕೊಂಡು ಬೆಳಕಿಗಾಗಿ ಬಾಗಿಲ ಕಡೆ ತಿರುಗಿದಾಗ. ಆಮೇಲೆ ಬಾಗಿಲಿಗೇ ಹೋಗಿ ನಿಲ್ಲತೊಡಗಿದರು. ಯಜಮಾನರು ತುಮಕೂರಿಗೆ ಕರೆದುಕೊಂಡು ಹೋಗಿ ತೋರಿಸಿದರು, ಲೇಸರ್ ಮಾಡಿಸಿದರು. ಹೋದದ್ದು ಹೋಯಿತು, ಇರುವುದನ್ನು ಕಾಪಾಡಿಕೊಳ್ಳಿ ಎಂದರಂತೆ ಡಾಕ್ಟರು. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಲಿಲ್ಲ. ಊಟಕ್ಕೆ ಕೂತಾಗ ಅತ್ತೆ ಪಲ್ಯ ಎಲ್ಲಿದೆ, ಉಪ್ಪಿನಕಾಯಿ ಎಲ್ಲಿದೆ ಎಂದು ಬಾಯಲ್ಲಿ ಹೇಳುತ್ತಾ ಬಡಿಸತೊಡಗಿದರು, ಅಷ್ಟೇ.

ನಾನು ಮಾಡಿದ್ದೂ ಅಂಥದ್ದೇ. ಮಾದರಿ ಹಾಳೆಯಲ್ಲಿ ಅಕ್ಷರದ ಎತ್ತರ ಮೂರೂವರೆ ಮಿಲಿಮೀಟರ್ ಇತ್ತು, ಐದು ಮಾಡಿದೆ. ತೆಳು ಗೆರೆಗಳನ್ನು ದಪ್ಪ ಮಾಡಿದೆ. ಬೂದು ಬಣ್ಣದಲ್ಲಿದ್ದ ಅಳತೆ ಗೆರೆಗಳನ್ನು ಅಚ್ಚ ಕಪ್ಪಿಗೆ ತಂದೆ. ಕೆಲವು ತಿಂಗಳು ಅದು ನಡೆಯಿತು. ಅವರು ಮತ್ತೆ ಬಾಗಿಲಿಗೆ ಹೋಗತೊಡಗಿದಾಗ ಏಳು ಮಾಡಿದೆ. ಅಕ್ಷರ ದೊಡ್ಡದಾದಂತೆ ಅಳತೆಗಳು ಒಂದರ ಮೇಲೊಂದು ಹತ್ತಿಕೊಂಡವು, ಬಾಣದ ಗುರುತುಗಳು ಚಿತ್ರಕ್ಕೇ ಚುಚ್ಚಿಕೊಂಡವು. ದೊಡ್ಡ ಹಾಳೆ ಹಾಕಿದೆ. ಒಂದೇ ಹಾಳೆಯಲ್ಲಿದ್ದದ್ದನ್ನು ನಾಲ್ಕಕ್ಕೆ ಒಡೆದೆ. ಕೊನೆಗೆ ಹತ್ತು ಮಾಡಿದಾಗ ಹಾಳೆ ನೋಡಿದರೆ ನನಗೇ ನಾಚಿಕೆಯಾಗುತ್ತಿತ್ತು. ಪರೀಕ್ಷೆಯಲ್ಲಿ ಅಂಥದ್ದು ಬರೆದಿದ್ದರೆ ನಮ್ಮ ಮೇಡಂ ಹರಿದು ಮುಖಕ್ಕೆ ಎಸೆಯುತ್ತಿದ್ದರು.

ಯಜಮಾನರಿಗೆ ಸಿಡಿಮಿಡಿ. "ಇದೇನೇ ಇದು, ಗೋಡೆ ಮ್ಯಾಲೆ ಎಲೆಕ್ಷನ್ ಬರ್ದಂಗೆ? ಅಪ್ಪಂಗೆ ಕಾಣಲ್ಲ ಅಂತ ಎಲ್ರಿಗೂ ಗೊತ್ತು. ಸುಮ್ನೆ ನಾವೇ ನೋಡ್ಕಂಡು ಕತ್ತರ್ಸಣ ಬುಡು."

"ನೀವೇ ಹೋಗಿ ಅವರ ಮುಂದೆ ಹೇಳಿ ಹಂಗಂತ" ಎಂದೆ.

ಅವರು ಹೇಳಲಿಲ್ಲ. ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು, ಅದಕ್ಕೇ ಹಾಗೆಂದೆ. ಮನೆಯಲ್ಲಿ ಮಾವ ಒಂದು ಗಳಿಗೆ ಕೂತವರಲ್ಲ. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಕಾಫಿ ಕುಡಿದರೆ ಶೆಡ್ಡಿಗೇ. ಆ "ಸರಿ ಐತೆ" ನಿಂತುಹೋದರೆ ಅವರು ಬಂದು ಹೋಗುವವರಿಗೆ ಕುರ್ಚಿ ತೋರಿಸುವ ಮುದುಕ ಆಗಿಬಿಡುತ್ತಾರೆ. ನನ್ನ ಹೆದರಿಕೆ ಅದೊಂದೇ ಆಗಿದ್ದರೆ ಸುಲಭವಿತ್ತು. ಕಾಣದೆಯೇ ಸರಿ ಎಂದುಬಿಟ್ಟರೆ? ರಾತ್ರಿ ಕಣ್ಣು ಮುಚ್ಚಿದರೆ ಕೆಳಗೆ ಕೂತ ಹೆಂಗಸರೇ ಬರುತ್ತಿದ್ದರು. ಹಾಳೆಯನ್ನು ಮಾವನವರಿಗೆ ಕೊಡುವ ಮುಂಚೆ ನಾನೇ ಗುಟ್ಟಾಗಿ ಎರಡು ಸಲ ತಿದ್ದುತ್ತಿದ್ದೆ. ಆದರೆ ಬರೆದವಳ ಕಣ್ಣು ಬರೆದವಳದೇ ಅಲ್ಲವೇ?

ಹೋದ ಬೇಸಿಗೆಯಲ್ಲಿ ಕಂಪ್ಯೂಟರ್ ಕೆಟ್ಟಿತು. ರಿಪೇರಿಯವನು ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿಸಿ ಕೊಟ್ಟ. ಬೇರೆ ಡ್ರೈವಿನಲ್ಲಿದ್ದ ಕೆಲಸದ ಫೈಲುಗಳು ಉಳಿದಿದ್ದವು, ನನ್ನ ಮಾದರಿ ಹಾಳೆ ಹೋಗಿತ್ತು. ತಂತ್ರಾಂಶ ತವರಿಗೆ ಹೋಗಿ ಬಂದಂತೆ ತನ್ನ ಹಳೆ ಚಾಳಿಗೆ ತಿರುಗಿತ್ತು. ಅದು ವಾಪಸ್ ಬಂದ ಬೆಳಿಗ್ಗೆಯೇ ದಂಡಿನಶಿವರದ ಕಡೆಯ ತೋಟದವರೊಬ್ಬರು ಬಂದು ಕೂತರು. ಅವರದು ಎಂಟು ಸಾವಿರದ ಅಟ್ಟ. ನಕ್ಷೆಯಲ್ಲಿ ನಡುವೆ ಒಂದು ಕಂಬ ಕೊಟ್ಟಿದ್ದೆವು. ಅದೇ ಅವರ ತಕರಾರು.

"ನಮ್ಮವ್ವ, ಅಕ್ಕ ಎಲ್ಲಾ ಅಲ್ಲೇ ಕೂತು ಕೊಬ್ಬರಿ ಬಿಡ್ಸೋದು ಕಣಣ್ಣ. ನಡುಮಧ್ಯ ಕಂಬ ಇದ್ರೆ ಕಾಲು ಚಾಚಕ್ಕೂ ಜಾಗ ಇಲ್ಲ" ಎಂದರು ಮಾವನವರಿಗೆ.

ಕಂಬ ತೆಗೆಯಬಹುದು, ಆದರೆ ಮೇಲಿನ ಅಡ್ಡತೊಲೆ ದಪ್ಪದ್ದು ಹಾಕಬೇಕು ಎಂದರು ಮಾವ. ನಾನು ಮೊದಲು ಬರೀ ಕಂಬ ಅಳಿಸಿ, ಜಾಗ ಹೇಗೆ ಕಾಣುತ್ತದೆ ಎಂದು ಗಿರಾಕಿಗೆ ತೋರಿಸಲು ಒಂದು ಹಾಳೆ ಪ್ರಿಂಟ್ ತೆಗೆದೆ. ತೊಲೆ ಇನ್ನೂ ಬದಲಿಸಿರಲಿಲ್ಲ, ಮೊದಲಿನ ಮೂರು ಇಂಚಿನ ಕಬ್ಬಿಣದ ಚಾನೆಲ್ಲೇ ಇತ್ತು. ಸೆಟ್ಟಿಂಗ್ಸ್ ಇರಲಿಲ್ಲವಾದ್ದರಿಂದ ಅಕ್ಷರಗಳು ಇರುವೆ ಸಾಲಿನಷ್ಟು ಸಣ್ಣಗೆ, ಬೂದಿ ಬಣ್ಣದಲ್ಲಿ ಬಂದಿದ್ದವು. ಗಿರಾಕಿ ನೋಡಿ, ಸಂತೋಷಪಟ್ಟು, ಮೇಜಿನ ಮೇಲಿಟ್ಟರು. ನಾನು ತೊಲೆ ಬದಲಿಸಲು ಪರದೆಯ ಕಡೆ ತಿರುಗಿದೆ. ಅಷ್ಟರಲ್ಲಿ ಯಜಮಾನರು ಬಂದು, ಕೆಲಸ ಮುಗಿದಿದೆ ಎಂದುಕೊಂಡು, ಆ ಹಾಳೆಯನ್ನೇ ಎತ್ತಿ ಅಪ್ಪನ ಕೈಗೆ ಕೊಟ್ಟಿದ್ದಾರೆ.

ನಾನು ತಿರುಗಿ ನೋಡುವಾಗ ಮಾವನವರ ಬೆರಳು ಹಾಳೆಯ ಮೇಲೆ ಓಡುತ್ತಿತ್ತು. ಎಂದಿನಂತೆ ತುಟಿ ಅಲ್ಲಾಡುತ್ತಿತ್ತು. ಬೆರಳು ಮಾತ್ರ ಅಳತೆ ಇಲ್ಲದ ಕಡೆಯೆಲ್ಲ ನಿಂತು ನಿಂತು ಹೋಗುತ್ತಿತ್ತು. ಎದುರಿಗೆ ಗಿರಾಕಿ ಕೂತಿದ್ದರು.

"ಸರಿ ಐತೆ. ಕತ್ತರ್ಸ್ರಿ" ಎಂದರು.

ಯಜಮಾನರು ಹಾಳೆ ತೆಗೆದುಕೊಂಡು ಹೊರಟರು. ಸುಮ್ಮನಿದ್ದು ಆಮೇಲೆ ಹಿಂದಿನಿಂದ ಹೋಗಿ ಹಾಳೆ ಬದಲಾಯಿಸಬಹುದಿತ್ತು. ಮಾವನ ಮರ್ಯಾದೆ ಉಳಿಯುತ್ತಿತ್ತು. ಆದರೆ ಇವತ್ತು ಹಿಂದಿನಿಂದ ಹೋದವಳು ನಾಳೆಯೂ ಹೋಗಬೇಕು, ಯಾವತ್ತೋ ಒಂದು ದಿನ ಹೋಗುವುದು ತಪ್ಪುತ್ತದೆ. ಗಿರಾಕಿಯ ತಾಯಿ ಕಾಲು ಚಾಚಿ ಕೂತಂತೆ ಕಣ್ಣಿಗೆ ಕಟ್ಟಿತು.

"ಮಾವ, ಬೇಡ" ಎಂದೆ. ಸ್ವರ ನನಗೇ ಜೋರಾಗಿ ಕೇಳಿಸಿತು. "ಇದು ಮುಗಿದ ಹಾಳೆಯಲ್ಲ."

ಗಿರಾಕಿ ನೆಲ ನೋಡಿದರು. ಯಜಮಾನರು ಬಾಗಿಲಲ್ಲೇ ನಿಂತರು. ಮಾವನವರ ಮುಖ ಕೆಂಪಾಯಿತು, ಆಮೇಲೆ ನಿಧಾನವಾಗಿ ಇಳಿಯಿತು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು.

"ಓದವ್ವ, ಏನೈತೆ ಅದ್ರಾಗೆ" ಎಂದರು.

ಓದಿದೆ. ಉದ್ದ, ಅಗಲ, ಎತ್ತರ, ಕಂಬದಿಂದ ಕಂಬಕ್ಕೆ ಇರುವ ದೂರ. ಅವರು ಕಣ್ಣು ಮುಚ್ಚಿ ಕೇಳಿದರು. ತೊಲೆಗೆ ಬಂದು ಮೂರು ಇಂಚಿನ ಚಾನೆಲ್ ಎಂದಾಗ ಕೈ ಎತ್ತಿದರು. "ನಿಲ್ಸು. ಅದು ತಡೆಯಲ್ಲ, ಬಾಗ್ತದೆ. ಆರಿಂಚಿಂದು ಹಾಕು." ಆಮೇಲೆ ಗಿರಾಕಿಯ ಕಡೆ ತಿರುಗಿ, "ನಂಗೆ ಕಣ್ಣು ಕಾಣಲ್ಲ ಕಣಪ್ಪ. ನಿಂಗೆ ಇಲ್ಲಿ ಮಾಡ್ಸಕ್ಕೆ ಮನಸ್ಸಿಲ್ದಿದ್ರೆ ಬೇರೆ ಕಡೆ ಹೋಗು, ಬೇಜಾರಿಲ್ಲ" ಎಂದರು.

ಆ ಮಾತನ್ನು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಗಿರಾಕಿ ಗಾಬರಿಯಾಗಿ, "ಅಯ್ಯೋ, ಎಂಥ ಮಾತು ಅಂತೀಯಣ್ಣ" ಎಂದು ಎದ್ದು ನಿಂತರು. ಕಾಫಿ ಕುಡಿದೇ ಹೋದರು, ಬೇರೆ ಕಡೆ ಹೋಗಲಿಲ್ಲ.

ಅವರು ಹೋದ ಮೇಲೆ ನಾನು ಮಾವನವರ ಹತ್ತಿರ ಹೋಗಿ, ಮಾದರಿ ಹಾಳೆ ಹೋಗಿಬಿಟ್ಟಿತ್ತು, ಇವತ್ತೇ ಮತ್ತೆ ಮಾಡುತ್ತೇನೆ, ಅಕ್ಷರ ಇನ್ನೂ ಸ್ವಲ್ಪ ದೊಡ್ಡದು ಹಾಕುತ್ತೇನೆ ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ.

"ಬ್ಯಾಡ ಮಗ" ಎಂದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು. "ಡಾಕ್ಟ್ರು ಎಷ್ಟು ಹೋಗೈತೆ ಅಂತ ನಂಗೆ ಸರಿಯಾಗಿ ಹೇಳ್ಲಿಲ್ಲ. ನಿನ್ನ ಗಂಡನೂ ಹೇಳ್ಲಿಲ್ಲ. ನೀನು ಅಕ್ಷರ ದಪ್ಪ ಮಾಡ್ದಾಗೆಲ್ಲ, ಓ, ಇಷ್ಟು ಹೋಯ್ತು ಅಂತ ತಿಳ್ಕಂತಿದ್ದೆ. ಹಾಳೆ ಕೈಗೆ ತಗಳಕ್ಕೇ ಹೆದ್ರಿಕೆ ಆಗೋದು."

ನಾನು ಗುಟ್ಟಾಗಿ ಮಾಡುತ್ತಿದ್ದೇನೆ ಎಂದುಕೊಂಡಿದ್ದ ಉಪಕಾರ ಅವರಿಗೆ ಹಾಗೆ ಮುಟ್ಟುತ್ತಿತ್ತು. ಅಲ್ಲೇ ಕೂತು ಅತ್ತುಬಿಟ್ಟೆ.

"ಅಳ್ಬ್ಯಾಡ. ಅಕ್ಷರ ಮೊದ್ಲು ಎಷ್ಟಿತ್ತೋ ಅಷ್ಟೇ ಮಾಡು. ಓದೋ ಹುಡ್ಗರಿಗೆ ಅನುಕೂಲ ಆಗ್ಬೇಕು. ನಂಗೆ ಬಾಯಲ್ಲಿ ಓದಿ ಹೇಳು, ನಾನು ಕೇಳ್ತೀನಿ. ಕದ್ದು ಮುಚ್ಚಿ ಅಲ್ಲ, ಶೆಡ್ನಾಗೇ, ಎಲ್ರ ಮುಂದೆ."

ಸಂಜೆ ಕೂತು ಮಾದರಿ ಹಾಳೆಯನ್ನು ಮೊದಲಿಂದ ಕಟ್ಟಿದೆ. ಕನ್ನಡ ಫಾಂಟ್, ಎಂಟರ ಭಾಗದ ಇಂಚು, ಬಲದ ರೂಪ ಎಡಕ್ಕೆ. ಅಕ್ಷರದ ಎತ್ತರದ ಜಾಗಕ್ಕೆ ಬಂದಾಗ ಕೈ ತಡೆಯಿತು. ಮೂರೂವರೆ ಎಂದು ಬರೆದೆ. ಮಾರನೆಯ ದಿನ ದಂಡಿನಶಿವರದ ಅಟ್ಟ ಒಂದೇ ಹಾಳೆಯಲ್ಲಿ, ಸುತ್ತ ಬೇಕಾದಷ್ಟು ಬಿಳಿ ಜಾಗ ಬಿಟ್ಟುಕೊಂಡು, ಅಚ್ಚುಕಟ್ಟಾಗಿ ಬಂತು. ವರ್ಷದಿಂದ ಅಂಥ ಚಂದದ ಹಾಳೆ ನಾನು ತೆಗೆದಿರಲಿಲ್ಲ. ಆದರೂ ಅದನ್ನು ನೋಡಲು ನನ್ನಿಂದಾಗಲಿಲ್ಲ.

ಮಾವ ಶೆಡ್ಡಿನ ನಡುವೆ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಗ್ರೈಂಡರ್ ಸದ್ದಿನಲ್ಲಿ ನನ್ನ ಮಾತು ಅವರಿಗೆ ಕೇಳಿಸಲಿಲ್ಲ. ಯಜಮಾನರೇ ಹೋಗಿ ಸ್ವಿಚ್ ಆರಿಸಿದರು. ವೆಲ್ಡಿಂಗ್ ಮಾಡುತ್ತಿದ್ದ ಹುಡುಗರು ಕನ್ನಡಕ ಮೇಲೆತ್ತಿ, ಕೈ ಕಟ್ಟಿ ನಿಂತರು. ಮೊದಲ ಅಳತೆ ಓದಿದೆ. ಎರಡನೆಯದು ಓದುವ ಮುಂಚೆ ತಲೆ ಎತ್ತಿ ಅವರನ್ನು ನೋಡಿದೆ. ಮಾವ ಕಣ್ಣು ಮುಚ್ಚಿಕೊಂಡೇ, ತೊಡೆಯ ಮೇಲೆ ಬೆರಳು ಊರಿ ಕಾಯುತ್ತಿದ್ದರು.

"ಮುಂದಕ್ಕೆ ಓದವ್ವ" ಎಂದರು.