ಮೂರು ಸಲ ಕೂಗಿದ ಹೆಸರು

ಮೊನ್ನೆ ಜೇವರ್ಗಿ ಬಸ್ ಸ್ಟ್ಯಾಂಡಿನಲ್ಲಿ ಪಕ್ಕ ಕೂತವರಿಂದ ಅತ್ತರಿನ ವಾಸನೆ ಬಂತು. ನೋಡಿದರೆ ಕಿವಿಯ ಸಂದಿಯಲ್ಲಿ ಅತ್ತರಿನ ಹತ್ತಿ. ಹೀಗೇ ಅತ್ತರು ಹಚ್ಚಿಕೊಳ್ಳುತ್ತಿದ್ದ ಕೋರ್ಟಿನ ಜವಾನ, ನಾವು ಮಾಮಾ ಅನ್ನುತ್ತಿದ್ದವರು, ನೆನಪಾದರು...

ಅವ್ವ-ಅಪ್ಪನ ಡೈವೋರ್ಸ್ ಕೇಸು ನಡೆಯುವಾಗ ನನಗೆ ಹತ್ತು ವರ್ಷ, ತಂಗಿಗೆ ಆರು. ತಾರೀಖು ಬಂದಾಗಲೆಲ್ಲ ನಮ್ಮಿಬ್ಬರನ್ನೂ ವರಾಂಡದ ಬೆಂಚಿನ ಮೇಲೆ ಕೂಡಿಸುತ್ತಿದ್ದರು. ಮಾಮಾ ಬಾಗಿಲಿಗೆ ಬಂದು ಅವ್ವನ ಹೆಸರು ಮೂರು ಸಲ, ಅಪ್ಪನ ಹೆಸರು ಮೂರು ಸಲ ಕೂಗೋರು. ಎಂಥ ಗಂಟಲು ಅದು! ರಸ್ತೆಯ ಆಚೆ ಚಹಾದಂಗಡಿಯವರೂ ತಿರುಗಿ ನೋಡಬೇಕು.

"ಮಾಮಾ, ನಮ್ಮ ಹೆಸರು ಯಾಕ ಕರಿಯಂಗಿಲ್ರಿ?" ಅಂತ ಒಮ್ಮೆ ಕೇಳಿದೆ.

"ಫೈಲಿನ ಮ್ಯಾಲಿನ ಹೆಸರಷ್ಟ ಕೂಗೂದು ಬೇ. ನಿಮ್ಮವು ಒಳಗ ಅದಾವ," ಅಂದರು.

ಆಮೇಲೆ ಜಡ್ಜ್ ಸಾಹೇಬರು ನನ್ನನ್ನು ಮಾತಾಡಿಸುವ ದಿನ ಬಂತು. ಗಾಣಗಾಪುರದ ಅಜ್ಜಿ, ಅವ್ವನ ತಾಯಿ, ಅವ್ವನ ಕಡೆಗೇ ಹೇಳಬೇಕೆಂದು ದತ್ತನ ಮುಂದೆ ಆಣೆ ಮಾಡಿಸಿದ್ದಳು. ಯಡ್ರಾಮಿಯ ಅತ್ತೆ, ಅಪ್ಪನ ತಂಗಿ, ಹೊಸ ಫ್ರಾಕು ತಂದಿದ್ದಳು. ನಾನು ಹೆದರಿ ಬೆಂಚಿನ ಅಂಚು ಹಿಡಿದು ಕೂತಿದ್ದೆ. ಮಕ್ಕಳನ್ನು ಕೈಸನ್ನೆ ಮಾಡಿ ಒಳಗೆ ಕರೆಯುವುದೇ ಅಲ್ಲಿನ ರೂಢಿ. ಮಾಮಾ ಮಾತ್ರ ಅವತ್ತು ಬಾಗಿಲಲ್ಲಿ ನಿಂತು, ದೊಡ್ಡವರಿಗೆ ಕೂಗಿದ ಹಾಗೇ, ನನ್ನ ಹೆಸರನ್ನು ಮೂರು ಸಲ ಕೂಗಿದರು. ಹೆದರಿಕೆ ಎಲ್ಲಿ ಓಡಿಹೋಯಿತೋ! ಎದೆ ಸೆಟೆಸಿ ಒಳಗೆ ಹೋದೆ.

"ಯಾರ ಕೂಡ ಇರ್ತೀಯವ್ವಾ?" ಅಂದರು ಸಾಹೇಬರು.

"ಇಬ್ಬರೂ ಅವ್ವನ ಕೂಡ ಇರ್ತೇವ್ರಿ. ನಮ್ಮನ್ನ ಅಗಲಿಸಬ್ಯಾಡ್ರಿ."

"ತಂಗಿನ್ನ ಕೇಳೀಯೇನು?"

"ಹೂಂನ್ರಿ," ಅಂದೆ. ಕೇಳಿರಲಿಲ್ಲ.

ಹೊರಗೆ ಬಂದರೆ ತಂಗಿ ಬೆಂಚಿನ ತುದಿಗೆ ಸರಿದು ಬಾಗಿಲನ್ನೇ ನೋಡುತ್ತಾ ಕೂತಿದ್ದಳು. "ಈಗ ನಂದು ಕೂಗ್ತಾರೇನಕ್ಕಾ?"

"ನಿಂದೂ ನಾನ ಹೇಳಿ ಬಂದೇನಿ," ಅಂದೆ. ಜಂಬ ಬೇರೆ ನನಗೆ.

ನಾನು ಹೇಳಿದಂತೆಯೇ ಆಯಿತು. ಇಬ್ಬರೂ ಗಾಣಗಾಪುರದಲ್ಲಿ ಬೆಳೆದೆವು. ಅಪ್ಪ ಹಬ್ಬ-ಹುಣ್ಣಿಮೆಗೆ ಬಂದು ಹೋಗುವವನಾದ.

ಮಾಮಾ ತೀರಿಕೊಂಡು ಬಹಳ ವರ್ಷವಾಯಿತಂತೆ. ಹೋದ ವರ್ಷ ಅಪ್ಪನೂ ಹೋದ. ಅವನನ್ನು ಮಣ್ಣು ಮಾಡಿ ಬಂದ ಸಂಜೆ, ಬಟ್ಟೆ ಮಡಚುತ್ತಾ ತಂಗಿ ಹೇಳಿದಳು: "ನಾ ಅವತ್ತು ಅಪ್ಪನ ಕೂಡ ಇರ್ತೇನಿ ಅಂತ ಹೇಳಾಕಿದ್ದೆ, ಅಕ್ಕಾ." ಸಿಟ್ಟಿರಲಿಲ್ಲ ಅವಳ ದನಿಯಲ್ಲಿ.

ಮೊನ್ನೆ ಬಸ್ಸು ಬಂತು, ಅತ್ತರಿನವರು ಎದ್ದು ಹೋದರು. ನಾನು ಕೂತೇ ಇದ್ದೆ... ಅವತ್ತು "ತಂಗಿನ್ನ ಕೇಳಿಲ್ರಿ" ಅಂತ ಒಂದು ಮಾತು ಅಂದಿದ್ದರೆ ಸಾಹೇಬರು ಅವಳನ್ನೂ ಕರೆಸುತ್ತಿದ್ದರು. ಮಾಮಾ ಅವಳ ಹೆಸರನ್ನೂ ಮೂರು ಸಲ ಕೂಗುತ್ತಿದ್ದರು.